ತಾಟಿನ ಮೇಲಿನ ಕಣ್ಣು

ಉಣ್ಣುತ್ತಿರುವವರ ತಾಟಿನ ಕಡೆ ನೋಡಬಾರದು ಎಂದು ನಮ್ಮ ತಾಯಿ ಹೇಳುತ್ತಿದ್ದಳು. ನೋಡಿದರೆ ದೃಷ್ಟಿ ತಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ಅವಳ ನಂಬಿಕೆ. ರೊಟ್ಟಿಯನ್ನು ಎಣಿಸಿ ಬಡಿಸಬಾರದು ಎಂಬುದು ಅವಳ ಇನ್ನೊಂದು ಮಾತು. ನಿಮ್ಮ ಮನೆಗಳಲ್ಲಿಯೂ ಇಂಥ ಮಾತು ಇದ್ದೇ ಇರುತ್ತವೆ. ನಾನು ಬಿ.ಎ. ಓದಿದವಳು, ದೃಷ್ಟಿಗಿಷ್ಟಿಯನ್ನು ನಂಬುವವಳಲ್ಲ. ಹೀಗಾಗಿ ತಾಯಿಯ ಆ ಎರಡು ಮಾತುಗಳನ್ನೂ ಹಳೆಯ ಕಾಲದ ಗಂಟಿನಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿಬಿಟ್ಟಿದ್ದೆ. ಅರವತ್ತೈದನೆಯ ವಯಸ್ಸಿನಲ್ಲಿ ಆ ಗಂಟನ್ನು ಕೆಳಗಿಳಿಸಿ ಬಿಚ್ಚುವಂತೆ ಮಾಡಿದ್ದು ಅಮೆರಿಕದ ಒಂದು ಪುಟ್ಟ ಹಕ್ಕಿ.

2022ರ ನವೆಂಬರಿನಲ್ಲಿ ನಾನು ಮಗಳ ಬಾಣಂತನಕ್ಕೆಂದು ಇಥಾಕಾಕ್ಕೆ ಹೋದೆ. ಅದು ನ್ಯೂಯಾರ್ಕ್ ರಾಜ್ಯದಲ್ಲಿಯೇ ಇದ್ದರೂ ನ್ಯೂಯಾರ್ಕ್ ನಗರದಿಂದ ನಾಲ್ಕೈದು ತಾಸಿನ ದಾರಿ. ಕಾಯುಗ ಎಂಬ ಉದ್ದನೆಯ ಸರೋವರದ ತುದಿಗೆ, ಗುಡ್ಡಗಳ ನಡುವೆ ಇರುವ ಸಣ್ಣ ಊರು. ಕಾರ್ನೆಲ್ ವಿಶ್ವವಿದ್ಯಾಲಯದಿಂದಾಗಿ ಹೆಸರಾದದ್ದು. ಶಾಂತವಾಗಿದ್ದು, ವಿದ್ಯಾರ್ಥಿಗಳಿಂದಲೇ ತುಂಬಿರುವ ಆ ಊರು ನನಗೆ ನಮ್ಮ ಧಾರವಾಡದ ಹಾಗೆಯೇ ಕಂಡಿತು, ಡಿಸೆಂಬರ್ ಬರುವ ತನಕ! ಹಿಮ ಬೀಳತೊಡಗಿದ ಮೇಲೆ ಧಾರವಾಡದ ಮಾತೇ ಇಲ್ಲ. ಸಂಜೆ ನಾಲ್ಕೂವರೆಗೆ ಕತ್ತಲು. ಅಳಿಯ ಕೆಲಸಕ್ಕೆ ಹೋದ ಮೇಲೆ, ಬಾಣಂತಿ ಮತ್ತು ಕೂಸು ಮಲಗಿದ ಮೇಲೆ, ಮನೆಯಲ್ಲಿ ಎಚ್ಚರ ಇರುವವಳು ನಾನೊಬ್ಬಳೆ. ಅಡಿಗೆಮನೆಯ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಹಿತ್ತಲು ನೋಡುತ್ತ ಕೂಡುವುದೇ ನನ್ನ ಉದ್ಯೋಗವಾಯಿತು.

ಹಿತ್ತಲಲ್ಲಿ ಒಂದು ಕಬ್ಬಿಣದ ಕಂಬ, ಅದಕ್ಕೆ ತೂಗುಬಿಟ್ಟ ಎರಡು ಕೊಳವೆಗಳು. ಕೊಳವೆಯ ಮೈಗೆ ಅಲ್ಲಲ್ಲಿ ತೂತು, ತೂತಿನ ಕೆಳಗೆ ಹಕ್ಕಿ ಕೂಡಲು ಸಣ್ಣ ಕಡ್ಡಿ. ಪಕ್ಕದಲ್ಲಿ ಒಂದು ತಂತಿಯ ಪಂಜರದಲ್ಲಿ ಮರಕುಟಿಗಗಳಿಗೆಂದು ದನದ ಕೊಬ್ಬಿನ ಗಟ್ಟಿ. ಇವಕ್ಕೆಲ್ಲ ಅಲ್ಲಿ ಫೀಡರ್ ಎನ್ನುತ್ತಾರೆ. ಪಕ್ಕದ ಮನೆಯ ವೃದ್ಧೆಯೊಬ್ಬಳು, ನನಗಿಂತ ಹತ್ತು ವರ್ಷಕ್ಕಾದರೂ ಹಿರಿಯಳು, ಮಗಳು ಆ ಮನೆಗೆ ಬಂದ ವರ್ಷ ಅದನ್ನು ಉಡುಗೊರೆಯಾಗಿ ಕೊಟ್ಟು ಕಂಬವನ್ನೂ ತಾನೇ ನಿಂತು ಹುಗಿಸಿದ್ದಳಂತೆ.

ಕಾಳು ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಚೀಲದಲ್ಲಿ ಸೂರ್ಯಕಾಂತಿ ಬೀಜ. ಇನ್ನೊಂದರ ಬಾಯಿ ಬಿಚ್ಚಿದವಳು ಕೈ ಹಾಕಿ ಅಲ್ಲಿಯೇ ನಿಂತುಬಿಟ್ಟೆ. ಗುರೆಳ್ಳು! ಬೆಂಗಳೂರು, ಮೈಸೂರಿನ ಕಡೆಯವರು ಹುಚ್ಚೆಳ್ಳು ಎನ್ನುತ್ತಾರಲ್ಲ, ಅದೇ. ನೈಜರ್ ಎಂಬ ಹೆಸರಿನಲ್ಲಿ ಅದು ನಮ್ಮ ದೇಶದಿಂದಲೂ ಇಥಿಯೋಪಿಯಾದಿಂದಲೂ ಅಲ್ಲಿಗೆ ಹೋಗುತ್ತದೆ. ಗೋಲ್ಡ್‌ಫಿಂಚ್ ಎಂಬ ಗುಬ್ಬಿಗಿಂತ ಸಣ್ಣ ಹಕ್ಕಿಗೆ ಅದು ಬಹಳ ಇಷ್ಟ. ನಾನು ಒಂದು ಬೊಗಸೆ ತೆಗೆದು ಬಾಣಲೆ ಒಲೆಯ ಮೇಲಿಟ್ಟೆ. ವಾಸನೆಗೆ ಎದ್ದು ಬಂದ ಮಗಳು, "ಅವ್ವಾ, ಏನ ಮಾಡ್ಲಿಕತ್ತೀ? ಅದು ಹಕ್ಕಿಗೋಳ ಕಾಳು. ಮೊಳಿಬಾರದು ಅಂತ ಕಾಸಿ ಕಳಿಸಿರ್ತಾರ, ಮನಷ್ಯಾರು ತಿನ್ನೂದಲ್ಲ" ಎಂದು ಕಸಿದುಕೊಂಡಳು. ಗುರೆಳ್ಳು ಚಟ್ನಿಯ ಆಸೆ ಅಲ್ಲಿಗೆ ಮುಗಿಯಿತು. ನಮ್ಮ ಎರೆಹೊಲದ ಕಾಳು ಏಳು ಸಮುದ್ರ ದಾಟಿ ಬಂದು ಹಕ್ಕಿಗೆ ಸಲ್ಲುತ್ತದೆ, ನನಗೆ ಸಲ್ಲುವುದಿಲ್ಲ ಎಂದು ನಗೆ ಬಂತು.

ಕಾಳು ತುಂಬಿ ಒಳಗೆ ಬಂದು ಬಾಗಿಲು ಹಾಕುವಷ್ಟರಲ್ಲಿ ಹಕ್ಕಿಗಳು ಬಂದುಬಿಡುತ್ತಿದ್ದವು. ಕೆನಡಾದ ಕಡೆಯಿಂದ ಚಳಿಗಾಲಕ್ಕೆ ಇಳಿದು ಬರುವ ಬೂದು ಮೈಯ, ಬಿಳಿ ಹೊಟ್ಟೆಯ ಜಂಕೋಗಳು ಹಿಮದ ಮೇಲೆ ಕೂತು ಕೆಳಗೆ ಬಿದ್ದದ್ದನ್ನು ಹೆಕ್ಕುತ್ತಿದ್ದವು. ಕೆಂಪಗೆ ಕುಂಕುಮದ ಬಟ್ಟಲಿನಂತಿರುವ ಕಾರ್ಡಿನಲ್, ಅದರ ಜೊತೆಗೆ ಕಂದು ಸೀರೆ ಉಟ್ಟಂತಿರುವ ಹೆಣ್ಣು. ಬೆಳವಕ್ಕಿಯ ದೊಡ್ಡಮ್ಮನ ಮಗಳಂತೆ ಕಾಣುವ ಮೌರ್ನಿಂಗ್ ಡವ್. ಅದೆಲ್ಲಕ್ಕಿಂತ ನನಗೆ ಹಿಡಿಸಿದ್ದು ಚಿಕಡೀ. ಕರಿ ಟೊಪ್ಪಿಗೆ, ಬಿಳಿ ಗಲ್ಲ, ತೂಕ ಸುಮಾರು ಒಂದು ತೊಲ. ಮಾಂಗಲ್ಯದ ಸರಕ್ಕೂ ಇದಕ್ಕಿಂತ ಹೆಚ್ಚು ತೂಕ ಇದ್ದೀತು. ಅಷ್ಟು ಸಣ್ಣ ಜೀವ ಆ ಚಳಿಯ ರಾತ್ರಿಗಳನ್ನು ಹೇಗೆ ಕಳೆಯುತ್ತದೆ ಎಂದರೆ, ಮೈಯ ಬಿಸಿಯನ್ನು ಹತ್ತು ಹನ್ನೆರಡು ಡಿಗ್ರಿಯಷ್ಟು ತಾನೇ ಇಳಿಸಿಕೊಂಡು, ಮೈಯಲ್ಲಿದ್ದ ಕೊಬ್ಬನ್ನು ಬೆಳಗಿನವರೆಗೆ ಹೇಗೋ ಪೂರೈಸುತ್ತದೆ. ತಿಂಗಳ ಕೊನೆಯ ವಾರ ಸಂಸಾರ ತೂಗಿಸುವ ನಮಗೆ ಅದರ ಕಷ್ಟ ತಿಳಿಯುತ್ತದೆ.

ಈ ಚಿಕಡೀಯದೊಂದು ರೀತಿ ಇದೆ. ಬೇರೆ ಹಕ್ಕಿಗಳು ಕೊಳವೆಯ ಮೇಲೆಯೇ ಕೂತು ತಿನ್ನುತ್ತವೆ. ಚಿಕಡೀ ಹಾಗಲ್ಲ. ಬರುತ್ತದೆ, ಒಂದೇ ಒಂದು ಬೀಜ ಎತ್ತುತ್ತದೆ, ಹಾರಿಹೋಗುತ್ತದೆ. ದೂರದ ಕೊಂಬೆಯಲ್ಲಿ ಕೂತು ಬೀಜವನ್ನು ಕಾಲಲ್ಲಿ ಒತ್ತಿ ಹಿಡಿದು, ಕೊಕ್ಕಿನಿಂದ ಕುಟ್ಟಿ ತಿನ್ನುತ್ತದೆ. ಇಲ್ಲವೆ ತೊಗಟೆಯ ಸಂದಿಯಲ್ಲಿ ಅಡಗಿಸಿಟ್ಟು, ಇಟ್ಟ ಜಾಗವನ್ನು ವಾರಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಕೊಟ್ಟವರ ಕಣ್ಣೆದುರು ಅದು ಉಣ್ಣುವುದಿಲ್ಲ.

ಒಂದು ದಿನ ಅದು ಹಾಗೆ ಒಂದು ಬೀಜ ಎತ್ತಿಕೊಂಡು ಹೋದಾಗ ನನಗೆ ಅಕ್ಕಾತಾಯಿ ನೆನಪಾದರು. ಕೈಯಲ್ಲಿದ್ದ ಚಹ ಆರಿತು.

ಅಕ್ಕಾತಾಯಿ ನಮ್ಮ ಮಾವನವರ ಅಕ್ಕ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಲ್ಲಿಯೇ ಮುದುಕಿಯಾದರು. 1979ರಲ್ಲಿ ನಾನು ಸೊಸೆಯಾಗಿ ಆ ಮನೆ ಹೊಕ್ಕಾಗ ಅವರಿಗೆ ಅರವತ್ತರ ಹತ್ತಿರ. ನಸುಕಿನಲ್ಲಿ ಎದ್ದು ಮಜ್ಜಿಗೆ ಕಡೆಯುವವರು ಅವರು, ಬೇಸಿಗೆಯಲ್ಲಿ ಶಾವಿಗೆ ಹೊಸೆಯುವವರು ಅವರು, ಮನೆಯಲ್ಲಿ ಹೆರಿಗೆಯಾದರೆ ಬಾಣಂತಿಗೆ ಎಣ್ಣೆ ನೀರು ಅವರದೇ. ನನ್ನ ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆದವರೂ ಅವರೇ. ಗಂಡನ ಮನೆಯ ಆಸ್ತಿಯಲ್ಲಿ ಅವರಿಗೊಂದು ಪಾಲು ಇದ್ದೀತು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. "ನಾವು ಎರಡು ಹೊತ್ತು ಉಣ್ಣಾಕ ಹಾಕ್ತೇವಲ್ಲ" ಎಂದರೆ ಎಲ್ಲ ಲೆಕ್ಕ ಚುಕ್ತಾ ಆದಂತೆ.

ಹೊಲದ ಜೋಳ ಸರಿಯಾಗಿ ಬಾರದ ಒಂದು ವರ್ಷ. ಕೊಂಡು ತಂದ ಜೋಳ, ಅಳೆದು ಬೀಸಿಸಿದ ಹಿಟ್ಟು. ರೊಟ್ಟಿ ಬಡಿಯುವವಳು ನಾನು. ಗಂಡಸರ ಊಟ ಆಗಿತ್ತು. ಅಕ್ಕಾತಾಯಿ ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಬುಟ್ಟಿಯ ಕಡೆ ಕೈ ಚಾಚಿದರು. ನಾನು ಒಂದು ಮಾತೂ ಆಡಲಿಲ್ಲ. ಬುಟ್ಟಿ ನೋಡಿದೆ, ಆಮೇಲೆ ಅವರ ತಾಟು ನೋಡಿದೆ, ಅಷ್ಟೆ. ಚಾಚಿದ ಕೈ ಹಿಂದೆ ಹೋಯಿತು. "ಸಾಕವಾ, ಹೊಟ್ಟಿ ತುಂಬೇದ" ಎಂದು ನೀರು ಕುಡಿದು ಎದ್ದರು. ಮರುದಿನದಿಂದ ಅವರು ತಾಟು ಹಿಡಿದು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಆಚೆ, ನಮಗೆ ಬೆನ್ನು ಮಾಡಿ ಕೂತು ಉಣ್ಣತೊಡಗಿದರು. "ಒಳಗ ಸೆಕಿ ಆಗತೈತಿ" ಎನ್ನುತ್ತಿದ್ದರು. ಚಳಿಗಾಲದಲ್ಲಿಯೂ ಅದೇ ಮಾತು. ಎರಡೇ ರೊಟ್ಟಿ, ಅದರಲ್ಲಿಯೂ ಒಂದು ಚೂರು ಗುಬ್ಬಿಗಳಿಗೆ. ಮುಂದಿನ ವರ್ಷ ಹೊಲ ಚೆನ್ನಾಗಿ ಬೆಳೆಯಿತು, ಚೀಲಗಳು ಪಡಸಾಲೆ ತುಂಬಿದವು. 1991ರಲ್ಲಿ ತೀರಿಕೊಳ್ಳುವ ತನಕ ಅವರು ಮೂರನೆಯ ರೊಟ್ಟಿ ಕೇಳಲಿಲ್ಲ. ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು. ತಪ್ಪಾಯಿತು ಎಂದು ಒಂದು ದಿನ ಹೇಳಬಹುದಾಗಿತ್ತು. ಏನು ತಪ್ಪು ಎಂದು ಕೇಳಿದರೆ ಏನು ಹೇಳಬೇಕು, ನಾನು ಏನೂ ಅಂದಿರಲಿಲ್ಲವಲ್ಲ ಎಂದು ಸುಮ್ಮನಿದ್ದೆ.

ಇದಾದ ಮೇಲೆ ಕಿಟಕಿಯ ಮುಂದೆ ಕೂತ ನನ್ನನ್ನು ಒಂದು ಪ್ರಶ್ನೆ ಬಿಡಲಿಲ್ಲ. ಇಲ್ಲಿ ಜನ ಹಕ್ಕಿಗೆ ಕಾಳು ಹಾಕುವುದೇ ನೋಡಲಿಕ್ಕೆ. ಕೊಳವೆಯನ್ನು ಕಿಟಕಿಯ ಎದುರಿಗೇ ತೂಗುಬಿಡುತ್ತಾರೆ, ನೋಡಿ ಸಂತೋಷಪಡುತ್ತಾರೆ. ಹಾಗಾದರೆ ಇದು ದಾನವೋ, ಕಾಳು ಕೊಟ್ಟು ಕೊಂಡ ತಮಾಷೆಯೋ? ಕೊಟ್ಟವರಿಗೆ ಉಣ್ಣುವವರ ಮೇಲೆ ಕಣ್ಣಿಡುವ ಹಕ್ಕು ಬರುತ್ತದೆಯೆ?

ಪಕ್ಕದ ಮನೆಯ ವೃದ್ಧೆಯಂತೂ ನೋಡುವುದಷ್ಟೇ ಅಲ್ಲ, ಎಣಿಸುತ್ತಿದ್ದಳು. ಅದೇ ಊರಿನ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ ಮತ್ತು ಕೆನಡಾದ ಒಂದು ಪಕ್ಷಿಸಂಸ್ಥೆ ಸೇರಿ ನಡೆಸುವ ‘ಪ್ರಾಜೆಕ್ಟ್ ಫೀಡರ್‌ವಾಚ್’ ಎಂಬ ಗಣತಿ 1987ರಿಂದ ನಡೆದಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ, ಸಾಲಾಗಿ ಎರಡೆರಡು ದಿನ, ತಮ್ಮ ಹಿತ್ತಲಿಗೆ ಬಂದ ಹಕ್ಕಿಗಳನ್ನು ಎಣಿಸಿ ಬರೆದು ಕಳಿಸಬೇಕು. ಬಂದದ್ದೇ ಮತ್ತೆ ಬಂದರೆ ಲೆಕ್ಕ ತಪ್ಪಬಾರದೆಂದು, ಒಂದು ಜಾತಿಯ ಹಕ್ಕಿ ಒಮ್ಮೆಗೆ ಅತಿ ಹೆಚ್ಚು ಎಷ್ಟು ಕಂಡವೋ ಅಷ್ಟನ್ನೇ ಬರೆಯಬೇಕು. ಆಕೆ ನನಗೂ ಒಂದು ವಹಿ ಕೊಟ್ಟಳು. ಜೊತೆಗೆ ಯಾರು ಬೇಕಾದವರು, ಯಾರು ಬೇಡಾದವರು ಎಂದೂ ಕಲಿಸಿದಳು. ಅಳಿಲು ಬೇಡ, ಅದು ಹತ್ತಬಾರದೆಂದು ಕಂಬಕ್ಕೆ ತಗಡಿನ ಛತ್ರಿ. ಗುಬ್ಬಿಯೂ ಬೇಡ! ನಮ್ಮ ಗುಬ್ಬಚ್ಚಿಯ ಜಾತಿಯೇ. 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಿಂದ ತಂದು ಬ್ರೂಕ್ಲಿನ್‌ನಲ್ಲಿ ಬಿಟ್ಟದ್ದು ಇಡೀ ದೇಶ ತುಂಬಿ, ಅಲ್ಲಿನ ಮೂಲದ ಹಕ್ಕಿಗಳ ಗೂಡು ಕಸಿಯುತ್ತದೆಂದು ಆಕೆಯ ಸಿಟ್ಟು. ಸಿಟ್ಟಿಗೆ ಕಾರಣ ಇತ್ತು, ಒಪ್ಪಿದೆ. ನಮ್ಮ ಊರಲ್ಲಿ ನಾವೇನು ಬೇರೆಯೆ? ಹೊಲದಲ್ಲಿ ಜೋಳ ಹಾಲುಗಾಳಾದಾಗ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುತ್ತೇವೆ. ಸುಗ್ಗಿ ಮುಗಿದ ಮೇಲೆ ಅದೇ ಜೋಳದ ತೆನೆ ತಂದು ಗುಬ್ಬಿಗೆಂದು ಸೂರಿಗೆ ಕಟ್ಟುತ್ತೇವೆ. ಆದರೂ ಆಕೆ ನೋಡದಾಗ ನಾನು ಒಂದು ಮುಷ್ಟಿ ಕಾಳನ್ನು ಬೇಲಿಯ ಕೆಳಗೆ ಗುಬ್ಬಿಗೆ ಚೆಲ್ಲುತ್ತಿದ್ದೆ. ಊರವರು ಪರದೇಶದಲ್ಲಿ ಸಿಕ್ಕರೆ ಹಾಗೇ ಬಿಡಲಾಗುತ್ತದೆಯೆ?

ನೋಡುವುದೆಲ್ಲ ಕೆಟ್ಟದ್ದಲ್ಲ ಎಂದು ಕಲಿಸಿದವಳೂ ಆಕೆಯೆ. 1994ರ ಜನವರಿಯಲ್ಲಿ ವಾಷಿಂಗ್ಟನ್ ಸುತ್ತಮುತ್ತ ಹೌಸ್ ಫಿಂಚ್ ಎಂಬ ಹಕ್ಕಿಗಳು ಕಣ್ಣು ಬಾತು, ಕುರುಡಾಗಿ ಸಾಯತೊಡಗಿದ್ದನ್ನು ಮೊದಲು ಕಂಡು ತಿಳಿಸಿದವರು ಹೀಗೆ ಕಿಟಕಿಯಲ್ಲಿ ಕೂತು ಎಣಿಸುವ ಜನ. ಅದು ಅಂಟುರೋಗ, ಹಕ್ಕಿಗಳು ಒತ್ತೊತ್ತಾಗಿ ಸೇರುವ ಈ ಕೊಳವೆಗಳಿಂದಲೇ ಒಂದರಿಂದೊಂದಕ್ಕೆ ಹತ್ತುತ್ತದೆ ಎಂಬುದೂ ತಿಳಿಯಿತು. ಆದ್ದರಿಂದ ಎರಡು ವಾರಕ್ಕೊಮ್ಮೆಯಾದರೂ ಕೊಳವೆ ಇಳಿಸಿ, ತೊಳೆದು, ಒಣಗಿಸಿಯೇ ಮತ್ತೆ ಕಾಳು ತುಂಬಬೇಕು. ಬೇನೆ ಬಿದ್ದ ಹಕ್ಕಿ ಕಂಡರೆ ಕೆಲವು ದಿನ ಹಾಕುವುದನ್ನೇ ನಿಲ್ಲಿಸಬೇಕು. ಕೊಡುವುದಷ್ಟೇ ಸಾಲದು, ಕೊಟ್ಟದ್ದರಿಂದ ಕೇಡಾಗದಂತೆ ನೋಡಿಕೊಳ್ಳುವುದೂ ಕೊಟ್ಟವರ ಪಾಲಿನ ಕೆಲಸ. ಒಳಗೆ ನನ್ನ ಮಗಳೂ ಅದನ್ನೇ ಮಾಡುತ್ತಿದ್ದಳಲ್ಲ. ಕೂಸು ಎಷ್ಟು ಹೊತ್ತಿಗೆ ಹಾಲು ಕುಡಿಯಿತು, ಎಷ್ಟು ಸಲ ಬಟ್ಟೆ ಒದ್ದೆ ಮಾಡಿತು ಎಂದು ಎಲ್ಲ ಬರೆದಿಡುತ್ತಿದ್ದಳು. ಆ ಎಣಿಕೆಗೆ ಯಾವ ದೃಷ್ಟಿಯೂ ತಾಗಲಿಲ್ಲ. ಕೂಸು ದುಂಡಗಾಯಿತು.

ಹಾಗಾದರೆ ನನ್ನ ಅಂದಿನ ನೋಟದಲ್ಲಿ ಅಷ್ಟು ಭಾರ ಏನಿತ್ತು? ಸಾಕಾಯಿತೆ ಎಂದು ನೋಡುವುದು ಬೇರೆ, ಹೆಚ್ಚಾಯಿತೆ ಎಂದು ನೋಡುವುದು ಬೇರೆ, ಇದು ಮೊದಲು ಹೊಳೆದ ಉತ್ತರ. ನಿಜವೇ. ಆದರೆ ಅಷ್ಟೇ ಅಲ್ಲ ಎಂದು ಫೆಬ್ರುವರಿಯಲ್ಲಿ ತಿಳಿಯಿತು.

ಆ ತಿಂಗಳು ಒಂದು ಗಿಡುಗ ಹಿತ್ತಲಿಗೆ ಬಿತ್ತು. ಕೂಪರ್ಸ್ ಹಾಕ್ ಎಂದು ಅದರ ಹೆಸರು. ನನ್ನ ಕಣ್ಣೆದುರೇ ಒಂದು ಬೆಳವಕ್ಕಿಯನ್ನು ಒಯ್ದಿತು. ಹಿಮದ ಮೇಲೆ ಒಂದು ಹಿಡಿ ಪುಕ್ಕ ಉಳಿಯಿತು. ಕರೆದು ಕಾಳು ಹಾಕಿದವಳು ನಾನು, ಕೊಂದ ಪಾಪ ನನಗೂ ಬಂತೇನೋ ಎಂದು ಅಂದು ಊಟ ಸೇರಲಿಲ್ಲ. ಪಕ್ಕದ ಮನೆಯಾಕೆ ಬಂದು, ಗಿಡುಗಕ್ಕೂ ಹೊಟ್ಟೆ ಇದೆ, ಒಂದೆರಡು ವಾರ ಕೊಳವೆ ಇಳಿಸಿಬಿಡಿ, ಅದು ಬೇರೆ ಕಡೆ ಹೋಗುತ್ತದೆ ಎಂದಳು. ನಾನು ಗಾಬರಿಯಾದೆ. ಈ ಹಿಮದಲ್ಲಿ ಕಾಳು ನಿಲ್ಲಿಸಿದರೆ ಚಿಕಡೀಗಳ ಗತಿ? ಮೂರು ತಿಂಗಳಿಂದ ನನ್ನನ್ನೇ ನಂಬಿವೆಯಲ್ಲ! ಮಗಳ ಬಾಯಿಂದ ನನ್ನ ಮಾತು ಕೇಳಿ ಆಕೆ ನಕ್ಕಳು. ಅವು ನಿಮ್ಮನ್ನು ನಂಬಿಲ್ಲ ಎಂದಳು.

ವಿಸ್ಕಾನ್ಸಿನ್ ರಾಜ್ಯದಲ್ಲಿ ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. 1988ರಲ್ಲಿ ಅವರು ಪ್ರಕಟಿಸಿದಂತೆ, ಫೀಡರ್ ಇದ್ದ ಕಡೆ ನೂರಕ್ಕೆ 69 ಚಿಕಡೀಗಳು ಚಳಿಗಾಲ ದಾಟಿದರೆ ಇಲ್ಲದ ಕಡೆ 37. ಅಂದರೆ ಹಾಕಿದ ಕಾಳು ವ್ಯರ್ಥವಲ್ಲ. ಆಮೇಲೆ ಅವರು, ಇಪ್ಪತ್ತೈದು ವರ್ಷದಿಂದ ಕಾಳು ಹಾಕುತ್ತಿದ್ದ ಒಂದು ಕಾಡಿನಲ್ಲಿ ಫೀಡರ್‌ಗಳನ್ನು ತೆಗೆದುಬಿಟ್ಟು ನೋಡಿದರು. ಅಲ್ಲಿಯ ಚಿಕಡೀಗಳು ಎಂದೂ ಕೈಯಿಂದ ಕಾಳು ಕಾಣದ ಚಿಕಡೀಗಳಷ್ಟೇ ಚೆನ್ನಾಗಿ ಬದುಕಿದವು. 1992ರಲ್ಲಿ ಪ್ರಕಟವಾದ ಸಂಗತಿ ಇದು. ಫೀಡರ್ ಇದ್ದಾಗಲೂ ಅವು ತಮ್ಮ ದಿನದ ಆಹಾರದಲ್ಲಿ ಸುಮಾರು ಐದರಲ್ಲೊಂದು ಪಾಲನ್ನಷ್ಟೇ ಅಲ್ಲಿಂದ ಪಡೆಯುತ್ತವೆ. ಉಳಿದದ್ದು ತೊಗಟೆಯೊಳಗಿನ ಹುಳು, ಮೊಟ್ಟೆ, ಕಾಡಿನ ಬೀಜ.

ಆ ರಾತ್ರಿ ಕೂಸಿಗೆ ತೊಟ್ಟಿಲು ತೂಗುತ್ತ ನನಗೆ ಉತ್ತರ ಸಿಕ್ಕಿತು. ಚಿಕಡೀಯನ್ನು ನಾನು ಎಷ್ಟು ನೋಡಿದರೂ, ಎಣಿಸಿದರೂ, ಅದರ ಮಾನಕ್ಕೆ ಕುಂದಿಲ್ಲ. ಏಕೆಂದರೆ ಅದಕ್ಕೆ ಕಾಡು ಇದೆ. ನನ್ನ ಕೊಳವೆ ಇಂದು ಮುಚ್ಚಿದರೆ ನಾಳೆ ಅದು ಬೇರೆ ಮರಕ್ಕೆ ಹೋಗುತ್ತದೆ. ಅಕ್ಕಾತಾಯಿಗೆ ಯಾವ ಕಾಡಿತ್ತು? ನಾನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹೋಗಲು ಬೇರೆ ಎಡೆ ಇಲ್ಲದವರ ತಾಟಿನ ಮೇಲೆ ಬಿದ್ದ ನೋಟ ನೋಟವಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ. ನಾನು ಬಾಯಿಂದ ಏನೂ ಅನ್ನಲಿಲ್ಲ ಎಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡಿದ್ದೆ. ಅವರ ಪಾಲನ್ನು ಅವರಿಗೆ ಕೊಡಿಸದೆ, ಅವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ, ಬರಿಯ ಅನ್ನವನ್ನು ಮಾತ್ರ ಉಪಕಾರವೆಂದು ಹಾಕುವ ಮನೆಯಲ್ಲಿ ಅನ್ನುವ ಅಗತ್ಯವೇ ಇರಲಿಲ್ಲ. ನಮ್ಮ ತಾಯಿ ದೃಷ್ಟಿ ತಾಗುತ್ತದೆ ಎಂದದ್ದು ಇದನ್ನೇ ಇರಬೇಕು. ಉಪ್ಪು ಸಾಸಿವೆ ಇಳಿಸಿ ತೆಗೆಯುವ ದೃಷ್ಟಿ ಇದಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ನಾನೇ. ನನಗೆ ಸಕ್ಕರೆ ಕಾಯಿಲೆ. ಮಗಳು ನನ್ನ ತಾಟನ್ನು ಹದ್ದಿನ ಕಣ್ಣಿಂದ ಕಾಯುತ್ತಿದ್ದಳು. "ಅವ್ವಾ, ಅನ್ನ ಎರಡನೇ ಸಲ ಆತು" ಎಂದು ಒಂದು ದಿನ ಅಳಿಯನ ಎದುರೇ ಅಂದಳು. ನೀಡಿಸಿಕೊಳ್ಳಲು ಚಾಚಿದ್ದ ನನ್ನ ಕೈ ಹಿಂದೆ ಬಂತು. ಒಂದು ಕ್ಷಣ, ಒಂದೇ ಕ್ಷಣ, ಅಕ್ಕಾತಾಯಿಯ ಕೈ ನನ್ನ ಕೈಯಾಯಿತು. ಆದರೆ ಮರುಕ್ಷಣ ನಾನು ನಕ್ಕೆ, "ಮಾರ್ಚಿಗೆ ನಮ್ಮ ಮನೀಗೆ ಹೋಗಿ ಮೂರು ಸಲ ಉಣ್ತೀನಿ ತಗೊ" ಎಂದೆ, ಎಲ್ಲರೂ ನಕ್ಕರು. ನಗುವಂತಾದದ್ದು ಏಕೆ? ಧಾರವಾಡದಲ್ಲಿ ನನ್ನ ಹೆಸರಿನ ಮನೆ ಇದೆ, ತಿಂಗಳಿಗೆ ಪಿಂಚಣಿ ಬರುತ್ತದೆ, ಹಿಂದಿರುಗಲು ಟಿಕೆಟ್ ಪೆಟ್ಟಿಗೆಯಲ್ಲಿತ್ತು. ಅವು ಇಲ್ಲದಿದ್ದರೆ ಅದೇ ಮಾತನ್ನು, ಅಷ್ಟೇ ಪ್ರೀತಿಯಿಂದ ಮಗಳು ಆಡಿದ್ದರೂ, ನಾನೂ ತಾಟು ಹಿಡಿದು ಹಿಮದ ಹಿತ್ತಲಿಗೆ ಹೋಗುತ್ತಿದ್ದೆನೇನೋ.

ಎರಡು ವಾರದ ಮೇಲೆ ಕೊಳವೆ ಮತ್ತೆ ತೂಗುಬಿಟ್ಟೆವು. ಅರ್ಧ ತಾಸಿನಲ್ಲಿ ಚಿಕಡೀಗಳು ಹಾಜರ್. ನಾನಿಲ್ಲದೆ ಸೊರಗಿದ ಲಕ್ಷಣ ಒಂದರಲ್ಲಿಯೂ ಇರಲಿಲ್ಲ. ಸ್ವಲ್ಪ ಬೇಸರ, ಬಹಳ ಸಂತೋಷ ಎರಡೂ ಆದವು.

ಮಾರ್ಚ್ ಕೊನೆಗೆ ಊರಿಗೆ ಬಂದೆ. ನಮ್ಮ ಮನೆಗೆ ಹನ್ನೆರಡು ವರ್ಷದಿಂದ ಕೆಲಸಕ್ಕೆ ಬರುವ ಹೆಣ್ಣುಮಗಳೊಬ್ಬಳಿದ್ದಾಳೆ. ಮಧ್ಯಾಹ್ನದ ಊಟ ನಮ್ಮಲ್ಲಿಯೇ. ಊಟ ಇಲ್ಲಿಯೇ ಎಂದು ಪಗಾರ ಗೊತ್ತುಮಾಡುವಾಗ ತಿಂಗಳಿಗೆ ಐದುನೂರು ರೂಪಾಯಿ ಕಡಿಮೆ ಹೇಳಿದ್ದೆ. ಅವಳು ಒಪ್ಪಿದ್ದಳು, ಒಪ್ಪದೆ ಏನು ಮಾಡಿಯಾಳು? ಮೇಲೆ, ಅವಳು ಉಣ್ಣುವಾಗ ಎದುರಿಗೆ ನಿಂತು "ಇನ್ನೊಂದು ಹಾಕ್ಲೇನು?" ಎಂದು ಕೇಳುವುದು ನನ್ನ ರೂಢಿ. ಅದನ್ನು ಉಪಚಾರ ಎಂದೇ ತಿಳಿದಿದ್ದೆ. ಹಾಕಲೇನು ಎಂದು ಕೇಳಿದರೆ ಬೇಕು ಎನ್ನುವುದು ಎಷ್ಟು ಕಷ್ಟ ಎಂದು ಯೋಚಿಸಿರಲಿಲ್ಲ. ಏಪ್ರಿಲಿನಿಂದ ಆ ಐದುನೂರು ಸೇರಿಸಿ, ಮೇಲೆ ಅಷ್ಟೇ ಹೆಚ್ಚಿಸಿ ಕೊಟ್ಟೆ. ಊಟ ಪಗಾರದ ಲೆಕ್ಕದಲ್ಲಿಲ್ಲ ಎಂದು ಬಿಡಿಸಿ ಹೇಳಿದೆ. ಅಕ್ಕಾತಾಯಿಯ ಸಾಲ ಇದರಿಂದ ತೀರಿತೆಂದು ನಾನು ಹೇಳುವುದಿಲ್ಲ. ಅದು ತೀರುವ ಸಾಲವಲ್ಲ, ಕೊಡಬೇಕಾದವರು ಇಲ್ಲ.

ಆ ದಿನ ಮಧ್ಯಾಹ್ನ ರೊಟ್ಟಿಯ ಬುಟ್ಟಿ, ಪಲ್ಯ, ಗುರೆಳ್ಳು ಚಟ್ನಿ ಎಲ್ಲ ಅವಳ ಕೈಗೆ ನಿಲುಕುವ ಹಾಗೆ ಇಟ್ಟು ನಾನು ಬಾಗಿಲ ಕಡೆ ಹೊರಟೆ.

"ಯಾಕ್ರೀ ಅಕ್ಕಾರ, ಎಲ್ಲಿ ಹೊಂಟ್ರಿ?" ಎಂದಳು.

"ಸೂರಿಗೆ ತೆನಿ ಕಟ್ಟೇನಲ್ಲ, ಗುಬ್ಬಿ ಬಂದಾವೇನು ನೋಡಿ ಬರ್ತೀನಿ. ನೀ ಉಣ್ಣು."

ಹಿತ್ತಲಿನಲ್ಲಿ ಎರಡು ಗುಬ್ಬಿ ಇದ್ದವು. ಅವನ್ನು ಎಣಿಸಿದೆ. ಒಳಗಿನ ಬುಟ್ಟಿಯನ್ನು ಎಣಿಸಲಿಲ್ಲ.